ಲೇಖನದ ಕೆಳಗಿನ ‘ನಿಮಗೆ ಇಷ್ಟವಾಗಬಹುದು’ ಡಬ್ಬಿ: ಎರಡು ವರ್ಷಕ್ಕೆ ಸಹಿ ಹಾಕಬಹುದಾ?

ರೀಲ್‌ಸುತ್ತಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹಳೆಯ ಫಿಲ್ಮ್ ಕ್ಯಾಮೆರಾಗಳ ರಿಪೇರಿ ಬಗ್ಗೆ ನನ್ನದೊಂದು ಸೈಟ್ ಇದೆ. ಶಟರ್ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು, ಲೆನ್ಸ್ ಒಳಗೆ ಫಂಗಸ್ ಹಿಡಿದರೆ ಹೇಗೆ ತೆಗೆಯಬೇಕು, ಇಂಥವು. ಉದ್ದುದ್ದ ಲೇಖನಗಳು. ಬಂದವರು ಕೊನೆಯವರೆಗೂ ಓದುತ್ತಾರೆ. ಇಷ್ಟು ದಿನ ಬ್ಯಾನರ್ ಜಾಹೀರಾತು ಮಾತ್ರ ಇತ್ತು. ಅದರಲ್ಲಿ ಹೋಸ್ಟಿಂಗ್ ಖರ್ಚು ಹುಟ್ಟಿದರೆ ಪುಣ್ಯ.

ಕಳೆದ ವಾರ ಒಂದು ನೇಟಿವ್ ಜಾಹೀರಾತು ನೆಟ್‌ವರ್ಕ್‌ನವರು ಮೇಲ್ ಮಾಡಿದ್ದಾರೆ. ಪ್ರತಿ ಲೇಖನದ ಕೆಳಗೆ ಆರು ಚಿತ್ರಗಳ ಡಬ್ಬಿ, ಮಧ್ಯದಲ್ಲಿ ಇನ್ನೊಂದು. ಎರಡು ವರ್ಷ ಬೇರೆ ಯಾರ ವಿಜೆಟ್ಟನ್ನೂ (ಈ ಡಬ್ಬಿಗೆ ಅವರು ಹಾಗನ್ನುತ್ತಾರೆ) ಹಾಕುವಂತಿಲ್ಲ. ಬದಲಿಗೆ ತಿಂಗಳಿಗೆ ಇಷ್ಟು ಅಂತ ಮಿನಿಮಮ್ ಗ್ಯಾರಂಟಿ. ಮೊತ್ತ ನೋಡಿದರೆ ಬ್ಯಾನರ್‌ನಿಂದ ಬರುವುದರ ಮೂರು ಪಟ್ಟು. ಅದಕ್ಕೇ ಅನುಮಾನ. ನನ್ನ ಮುಖವನ್ನೂ ನೋಡದವರು ಯಾಕೆ ಗ್ಯಾರಂಟಿ ಕೊಡುತ್ತಾರೆ? ಆ ದುಡ್ಡು ಎಲ್ಲಿಂದ ಬರುತ್ತದೆ? ಒಳಗೆ ಕೆಲಸ ಮಾಡಿದವರು, ಜಾಹೀರಾತು ಕೊಟ್ಟು ಕೈ ಸುಟ್ಟುಕೊಂಡವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ_ಓದುಗ

ಲೇಖನ ಮುಗಿದ ಕೂಡಲೇ ‘ಇವರು ಈಗ ಹೇಗಿದ್ದಾರೆ ನೋಡಿದರೆ ನೀವು ನಂಬುವುದೇ ಇಲ್ಲ’ ಅಂತ ಬರುತ್ತದಲ್ಲ, ಅದೇ ಡಬ್ಬಿ ತಾನೇ? ನಾನು ಅಲ್ಲಿಗೆ ಮುಟ್ಟುವ ಮೊದಲೇ ಟ್ಯಾಬ್ ಮುಚ್ಚುತ್ತೇನೆ. ನನ್ನದು ಇಷ್ಟೇ. ಗೊತ್ತಿರುವವರು ಮುಂದುವರಿಸಿ.

ಹಳೇಟ್ಯಾಗ್

ಇಂಥದ್ದೇ ಒಂದು ನೆಟ್‌ವರ್ಕ್‌ನಲ್ಲಿ ಪಬ್ಲಿಷರ್‌ಗಳನ್ನು, ಅಂದರೆ ನಿಮ್ಮಂಥ ಸೈಟಿನವರನ್ನು, ನೋಡಿಕೊಳ್ಳುವ ಕೆಲಸ ನಾಲ್ಕು ವರ್ಷ ಮಾಡಿದ್ದೇನೆ. ನಿಮಗೆ ಬಂದಂಥ ಮೇಲ್‌ಗಳನ್ನು ನಾನೇ ಎಷ್ಟೋ ಕಳಿಸಿದ್ದೇನೆ. ಹೆಸರು ಕೇಳಬೇಡಿ.

ಮೊದಲು ನೇಟಿವ್ ಅಂದರೇನು ನೋಡೋಣ. ಬ್ಯಾನರ್‌ನಲ್ಲಿ ಜಾಹೀರಾತುದಾರ ಪೂರ್ತಿ ಚಿತ್ರವನ್ನೇ ಮಾಡಿ ಕೊಡುತ್ತಾನೆ, ನೀವು ಜಾಗ ಬಿಡುತ್ತೀರಿ. ನೇಟಿವ್‌ನಲ್ಲಿ ಅವನು ಬಿಡಿಬಿಡಿಯಾಗಿ ಕೊಡುತ್ತಾನೆ: ಒಂದು ತಲೆಬರಹ, ಒಂದು ಚಿತ್ರ, ಕಂಪನಿಯ ಹೆಸರು, ಒಂದು ಲಿಂಕ್. ಅವನ್ನು ನಿಮ್ಮ ಸೈಟಿನ ಅಕ್ಷರ, ಬಣ್ಣ, ಅಳತೆಗೆ ಹೊಂದಿಸಿ ಜೋಡಿಸುವುದು ವಿಜೆಟ್ಟಿನ ಕೆಲಸ. ಹಾಗಾಗಿ ಅದು ನಿಮ್ಮದೇ ಇನ್ನೊಂದು ಲೇಖನದ ಹಾಗೆ ಕಾಣುತ್ತದೆ. ಕಾಣಲಿ ಎಂಬುದೇ ಉದ್ದೇಶ.

ನೀವು ಪುಟದಲ್ಲಿ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಹಾಕುತ್ತೀರಿ. ಓದುಗ ಪುಟ ತೆರೆದಾಗ ಆ ಕೋಡ್ ನೆಟ್‌ವರ್ಕ್‌ನ ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತದೆ: ಯಾವ ಪುಟ, ಯಾವ ದೇಶ, ಮೊಬೈಲೋ ಕಂಪ್ಯೂಟರೋ, ಒಪ್ಪಿಗೆ ಇದ್ದರೆ ಈ ಬ್ರೌಸರ್ ಹಿಂದೆ ಏನೇನು ಒತ್ತಿದೆ. ಅಲ್ಲಿ ಒಂದು ಹರಾಜು ನಡೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಆರು ಜಾಹೀರಾತು ವಾಪಸ್ ಬರುತ್ತವೆ.

ಈ ಹರಾಜಿನಲ್ಲಿ ಜಾಸ್ತಿ ಕೂಗಿದವನೇ ಗೆಲ್ಲುತ್ತಾನೆ ಅಂದುಕೊಳ್ಳಬೇಡಿ. ಜಾಹೀರಾತುದಾರ ದುಡ್ಡು ಕೊಡುವುದು ಸಾಮಾನ್ಯವಾಗಿ ಕ್ಲಿಕ್ಕಿಗೆ. ತೋರಿಸಿದ್ದಕ್ಕೆ ಅಲ್ಲ. ಆದ್ದರಿಂದ ನೆಟ್‌ವರ್ಕ್ ನೋಡುವುದು ಎರಡನ್ನು: ಕ್ಲಿಕ್ಕಿಗೆ ಎಷ್ಟು ಕೊಡುತ್ತಾನೆ, ಇದನ್ನು ಒತ್ತುವವರು ಎಷ್ಟು ಜನ. ಒಂದು ಸುಮ್ನೆ ಉದಾಹರಣೆ. ಮೊದಲನೆಯವನು ಕ್ಲಿಕ್ಕಿಗೆ 40 ಸೆಂಟ್ ಕೂಗಿದ್ದಾನೆ. ಅವನದು ಸಭ್ಯ ತಲೆಬರಹ, ಸಾವಿರ ಸಲ ತೋರಿಸಿದರೆ ಒಬ್ಬ ಒತ್ತುತ್ತಾನೆ. ಬಂದದ್ದು 40 ಸೆಂಟ್. ಎರಡನೆಯವನು ಕೂಗಿದ್ದು ಬರೀ 10 ಸೆಂಟ್. ಆದರೆ ‘ವೈದ್ಯರೇ ಬೆಚ್ಚಿಬಿದ್ದರು’ ಅಂತ ಬರೆದಿದ್ದಾನೆ, ಸಾವಿರಕ್ಕೆ ಆರು ಜನ ಒತ್ತುತ್ತಾರೆ. 60 ಸೆಂಟ್. ಜಾಗ ಎರಡನೆಯವನಿಗೆ. ಡಬ್ಬಿಯಲ್ಲಿ ಯಾಕೆ ಯಾವಾಗಲೂ ಅಂಥ ತಲೆಬರಹಗಳೇ ಇರುತ್ತವೆ ಅಂತ ಕೇಳುವವರಿಗೆ ಈ ಗುಣಾಕಾರವೇ ಉತ್ತರ. ಅಲ್ಲಿ ಯಾರೋ ಕೂತು ಕೆಟ್ಟದ್ದನ್ನು ಆರಿಸುತ್ತಿಲ್ಲ.

ಬಂದ ಹಣದಲ್ಲಿ ನಿಮಗೆ ಒಂದು ಪಾಲು. ಇಂಥ ಡಬ್ಬಿಗಳ ದೊಡ್ಡ ನೆಟ್‌ವರ್ಕ್ ಟಬೂಲಾ 2021ರಲ್ಲಿ ಷೇರು ಮಾರುಕಟ್ಟೆಗೆ ಬಂದ ಕಂಪನಿ, ಹಾಗಾಗಿ ಅದರ ಲೆಕ್ಕ ಎಲ್ಲರಿಗೂ ಕಾಣುತ್ತದೆ. ಆ ವರ್ಷ ಅದರ ಆದಾಯ ಸುಮಾರು 138 ಕೋಟಿ ಡಾಲರ್. ಸೈಟುಗಳಿಗೆ ಕೊಡಬೇಕಾದ್ದು ಕೊಟ್ಟ ಮೇಲೆ ಉಳಿದದ್ದು ಸುಮಾರು 52 ಕೋಟಿ. ಅಂದರೆ ಜಾಹೀರಾತುದಾರ ಕೊಟ್ಟ ನೂರರಲ್ಲಿ ಅರವತ್ತರ ಮೇಲೆ ಪಬ್ಲಿಷರ್‌ಗಳಿಗೆ ಹೋಗಿದೆ. ಇದು ದೊಡ್ಡ ಸೈಟುಗಳೂ ಸೇರಿದ ಸರಾಸರಿ. ನಿಮಗೆ ಅಷ್ಟೇ ಸಿಗುತ್ತದೆ ಅಂತ ಅಲ್ಲ.

ರೀಲ್‌ಸುತ್ತಿ

ಬಹಳ ಥ್ಯಾಂಕ್ಸ್. ಒಂದು ಸಂಶಯ. ಇವತ್ತೇ ಬಂದ ಹೊಸ ಜಾಹೀರಾತನ್ನು ಎಷ್ಟು ಜನ ಒತ್ತುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ?

ಹಳೇಟ್ಯಾಗ್

ಗೊತ್ತಾಗುವುದಿಲ್ಲ, ತೋರಿಸಿ ನೋಡುತ್ತಾರೆ. ಒಟ್ಟು ಜಾಗದಲ್ಲಿ ಸ್ವಲ್ಪ ಭಾಗ ಹೊಸಬರ ಪರೀಕ್ಷೆಗೆ ಮೀಸಲು. ನಿಮ್ಮ ಪುಟದಲ್ಲಿ ಒಮ್ಮೊಮ್ಮೆ ತಲೆಬುಡವಿಲ್ಲದ ಜಾಹೀರಾತು ಕಂಡರೆ, ಅದು ಇನ್ನೂ ಪರೀಕ್ಷೆ ಬರೆಯುತ್ತಿದೆ ಅಂತ ತಿಳಿಯಿರಿ. ಆ ಪರೀಕ್ಷೆಯ ಖರ್ಚು ನಿಮ್ಮ ಜಾಗದ್ದು.

ಖರ್ಚುಪುಸ್ತಕ

ನಾನು ಆ ಕಡೆಯವನು. ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಗೆ ಜಾಹೀರಾತು ಕೊಳ್ಳುವ ಕೆಲಸ. ಕೈ ಸುಟ್ಟುಕೊಂಡವರು ಬೇಕು ಅಂದಿರಲ್ಲ, ಬಂದೆ.

ಮೊದಲ ಸಲ ಒಂದು ನೆಟ್‌ವರ್ಕ್‌ನಲ್ಲಿ ಶುಕ್ರವಾರ ಸಂಜೆ ಕ್ಯಾಂಪೇನ್ ಹಚ್ಚಿ ಮನೆಗೆ ಹೋದೆ. ಮೊಬೈಲ್, ಕಂಪ್ಯೂಟರ್ ಎಲ್ಲ ಒಂದೇ ಕ್ಯಾಂಪೇನ್‌ನಲ್ಲಿ. ದಿನದ ಮಿತಿ ಹಾಕುವ ಕಡೆ ಒಟ್ಟು ಮಿತಿ ಹಾಕಿದ್ದೆ. ಸೋಮವಾರ ಬಂದು ನೋಡಿದರೆ ತಿಂಗಳ ಬಜೆಟ್ ಖಾಲಿ. ಕ್ಲಿಕ್ ಬೇಕಾದಷ್ಟು ಬಂದಿದ್ದವು. ಬಂದವರು ಪುಟ ಪೂರ್ತಿ ತೆರೆಯುವ ಮೊದಲೇ ಹೋಗಿದ್ದರು. ಒಬ್ಬನೂ ಟ್ರಯಲ್ ತೆಗೆದುಕೊಂಡಿರಲಿಲ್ಲ. ಬಾಸ್ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು.

ಆಮೇಲೆ ಸೈಟ್‌ವಾರು ರಿಪೋರ್ಟ್ ತೆಗೆದೆ. ಇದನ್ನು ನೋಡದವನು ನೇಟಿವ್‌ಗೆ ಇಳಿಯಲೇಬಾರದು. ಪ್ರತಿ ಸೈಟಿಗೂ ಒಂದು ಐಡಿ ಇರುತ್ತದೆ. ನನ್ನ ಹಣದ ದೊಡ್ಡ ಪಾಲನ್ನು ತಿಂದದ್ದು ಬೆರಳೆಣಿಕೆಯಷ್ಟು ಐಡಿಗಳು. ಕೆಲವು ಮೊಬೈಲ್ ಆ್ಯಪ್‌ಗಳು, ಬೆರಳು ತಾಗಿದರೆ ಸಾಕು ಕ್ಲಿಕ್. ಕೆಲವು ಸ್ಲೈಡ್‌ಶೋ ಸೈಟುಗಳು, ‘ಮುಂದಿನ ಪುಟ’ ಬಟನ್ನಿನ ಪಕ್ಕದಲ್ಲೇ ನನ್ನ ಜಾಹೀರಾತು. ಓದುಗ ಮುಂದೆ ಹೋಗಬೇಕು ಅಂತ ಒತ್ತಿದ್ದಾನೆ, ನನ್ನ ಪುಟಕ್ಕೆ ಬಂದು ಬಿದ್ದಿದ್ದಾನೆ.

ಈಗ ಮಾಡುವುದು ಹೀಗೆ. ಮೊಬೈಲ್‌ಗೆ ಬೇರೆ ಕ್ಯಾಂಪೇನ್, ಕಂಪ್ಯೂಟರ್‌ಗೆ ಬೇರೆ. ಪಿಕ್ಸೆಲ್ (ಬಂದವನು ಟ್ರಯಲ್ ತೆಗೆದುಕೊಂಡನಾ ಅಂತ ನೆಟ್‌ವರ್ಕ್‌ಗೆ ತಿಳಿಸುವ ಕೋಡ್) ಸರಿಯಾಗಿ ಕೂತಿದೆಯಾ ಅಂತ ನಾನೇ ಒಂದು ಟ್ರಯಲ್ ತೆಗೆದುಕೊಂಡು ನೋಡದೆ ಒಂದು ಸೆಂಟ್ ಬಿಡುವುದಿಲ್ಲ. ಸ್ವಯಂಚಾಲಿತ ಬಿಡ್ಡಿಂಗ್ ಅಂತ ಕೊಡುತ್ತಾರೆ, ಒಳ್ಳೆಯದೇ. ಆದರೆ ಕಲಿಯಲು ಅದಕ್ಕೆ ಕನ್ವರ್ಷನ್, ಅಂದರೆ ಒತ್ತಿ ಬಂದವರು ನಿಜಕ್ಕೂ ಟ್ರಯಲ್ ತೆಗೆದುಕೊಂಡದ್ದು, ಬೇಕು. ಕನ್ವರ್ಷನ್ನೇ ಇಲ್ಲದಿದ್ದರೆ ಅದೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹಾಗೆ. ಒಂದು ಸೈಟ್ ನನಗೆ ಬೇಕಾದ ಒಂದು ಟ್ರಯಲ್‌ನ ಬೆಲೆಗಿಂತ ದುಪ್ಪಟ್ಟು ತಿಂದೂ ಏನೂ ಕೊಡದಿದ್ದರೆ ಬ್ಲಾಕ್. ಚೆನ್ನಾಗಿ ಕೊಡುವ ಸೈಟಿಗೆ ಬಿಡ್ ಏರಿಸುತ್ತೇನೆ.

ಇನ್ನೊಂದು. ಒತ್ತಿದವನನ್ನು ನೇರ ‘ಕೊಳ್ಳಿ’ ಪುಟಕ್ಕೆ ಕರೆದೊಯ್ದರೆ ನಡೆಯುವುದಿಲ್ಲ. ಗೂಗಲ್‌ನಲ್ಲಿ ಹುಡುಕಿಕೊಂಡು ಬಂದವನಿಗೆ ಏನು ಬೇಕು ಅಂತ ಅವನಿಗೇ ಗೊತ್ತು. ಇಲ್ಲಿ ಬಂದವನು ಏನನ್ನೋ ಓದುತ್ತಿದ್ದವನು. ಅವನಿಗೆ ಮೊದಲು ಓದಲು ಒಂದು ಲೇಖನ ಕೊಡಬೇಕು, ಅದು ಜಾಹೀರಾತು ಅಂತ ಮೇಲೇ ಹೇಳಬೇಕು, ಅದರೊಳಗೆ ನಿಧಾನವಾಗಿ ನಮ್ಮ ವಸ್ತು ಬರಬೇಕು. ತಲೆಬರಹ ಹಾಗೂ ಆ ಪುಟ ಒಂದೇ ಮಾತು ಆಡಬೇಕು. ನಾನೂ ಒಮ್ಮೆ ‘ಬೆಚ್ಚಿಬಿದ್ದರು’ ಥರದ್ದು ಬರೆದು ನೋಡಿದೆ. ಕ್ಲಿಕ್ ಏರಿತು, ಬಿಡ್ ಇಳಿಸಬಹುದಾಯಿತು, ಮಾರಾಟ ಮಾತ್ರ ಕುಸಿಯಿತು. ಹರಾಜು ಗೆಲ್ಲಿಸುವ ತಲೆಬರಹ ಗಿರಾಕಿಯನ್ನು ತರುವುದಿಲ್ಲ ಅನ್ನುವುದು ಅವತ್ತು ಅರ್ಥವಾಯಿತು.

ಸುಮ್ನೆ_ಓದುಗ

ಹೋಗ್ಲಿ ಬಿಡಿ, ಬೆಚ್ಚಿಬಿದ್ದ ವೈದ್ಯರು ಯಾರು ಅಂತ ಈಗ ಗೊತ್ತಾಯಿತು.

ಅರ್ಧವಿರಾಮ

ಎಲ್ಲರೂ ಲೆಕ್ಕ ಮಾತಾಡುತ್ತಿದ್ದೀರಿ. ನಾನು ಪತ್ರಿಕೆಯಲ್ಲಿ ಸಂಪಾದನೆ ಮಾಡಿದವಳು, ನನ್ನ ಬೇಸರ ಬೇರೆ. ‘ನಿಮ್ಮದೇ ಲೇಖನದ ಹಾಗೆ ಕಾಣುತ್ತದೆ’ ಅಂತ ಹಳೇಟ್ಯಾಗ್ ಸಲೀಸಾಗಿ ಬರೆದುಬಿಟ್ಟರು. ಅದಕ್ಕೇ ಅಲ್ವಾ ಓದುಗರು ಸಿಟ್ಟಾಗುವುದು?

2013ರ ಜನವರಿಯಲ್ಲಿ ಅಮೆರಿಕದ ಪತ್ರಿಕೆ ದಿ ಅಟ್ಲಾಂಟಿಕ್ ತನ್ನ ಸೈಟಿನಲ್ಲಿ ಸೈಂಟಾಲಜಿ ಎಂಬ ವಿವಾದಿತ ಪಂಥದ ಚರ್ಚಿನವರು ಹಣ ಕೊಟ್ಟು ಹಾಕಿಸಿದ ಒಂದು ಹೊಗಳಿಕೆಯ ಬರಹ ಪ್ರಕಟಿಸಿತು. ಮೇಲೆ ‘ಪ್ರಾಯೋಜಿತ’ ಅಂತ ಗುರುತೂ ಇತ್ತು. ಆದರೂ ಓದುಗರು ಹರಿಹಾಯ್ದರು. ಕೆಲವೇ ಗಂಟೆಗಳಲ್ಲಿ ಅದನ್ನು ತೆಗೆದು ಕ್ಷಮೆ ಕೇಳಬೇಕಾಯಿತು. ಗುರುತು ಹಾಕಿದ ಮಾತ್ರಕ್ಕೆ ಎಲ್ಲ ಸರಿ ಅಂತ ಆಗುವುದಿಲ್ಲ. ಗುರುತೇ ಹಾಕದಿದ್ದರಂತೂ ಕಾನೂನಿನ ತೊಂದರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2015ರ ಡಿಸೆಂಬರ್‌ನಲ್ಲಿ ಈ ಬಗ್ಗೆ ತನ್ನ ನಿಲುವನ್ನು ಬರೆದೇ ಹೊರಡಿಸಿತು: ಜಾಹೀರಾತು ಜಾಹೀರಾತು ಅಂತ ಓದುಗನಿಗೆ ತಿಳಿಯಬೇಕು, ಅದೂ ಒತ್ತುವ ಮೊದಲೇ. ಮರುವರ್ಷ ಲಾರ್ಡ್ ಆ್ಯಂಡ್ ಟೇಲರ್ ಎಂಬ ಬಟ್ಟೆ ಕಂಪನಿ ಸಿಕ್ಕಿಬಿತ್ತು. ಒಂದು ಆನ್‌ಲೈನ್ ಪತ್ರಿಕೆಗೆ ಹಣ ಕೊಟ್ಟು ಬರೆಸಿದ್ದನ್ನು, 50 ಜನ ಫ್ಯಾಷನ್ ಪ್ರಭಾವಿಗಳಿಗೆ ಒಂದೇ ಉಡುಪು ಕೊಟ್ಟು ಇನ್‌ಸ್ಟಾಗ್ರಾಂನಲ್ಲಿ ಹಾಕಿಸಿದ್ದನ್ನು ಮುಚ್ಚಿಟ್ಟಿತ್ತು.

ಹಳೇಟ್ಯಾಗ್

ಒಪ್ಪುತ್ತೇನೆ ಮೇಡಂ, ಆದರೆ ಎರಡು ಬೇರೆ ವಿಷಯ ಬೆರೆಯುತ್ತಿವೆ. ನೀವು ಹೇಳಿದ್ದು ಪ್ರಾಯೋಜಿತ ಲೇಖನ. ಅಲ್ಲಿ ಪತ್ರಿಕೆಯವರು ನೇರವಾಗಿ ಒಬ್ಬ ಜಾಹೀರಾತುದಾರನ ಜೊತೆ ಮಾತಾಡಿ, ಒಂದೊಂದು ಬರಹವನ್ನೂ ನೋಡಿ ಹಾಕುತ್ತಾರೆ. ರೀಲ್‌ಸುತ್ತಿಯವರಿಗೆ ಬಂದದ್ದು ಶಿಫಾರಸು ವಿಜೆಟ್. ಅಲ್ಲಿ ಯಾವ ಜಾಹೀರಾತು ಬರುತ್ತದೆ ಅಂತ ಪಬ್ಲಿಷರ್‌ಗೆ ಮೊದಲೇ ಗೊತ್ತಿರುವುದಿಲ್ಲ. ಒಳ್ಳೆಯದು ಅಂತ ಹೇಳುತ್ತಿಲ್ಲ. ಒಂದು ಲೆಕ್ಕಕ್ಕೆ ಅದೇ ಜಾಸ್ತಿ ಅಪಾಯ.

ಮನುಷ್ಯರು ಕೂತು ಜಾಹೀರಾತುಗಳನ್ನು ಪರಿಶೀಲಿಸುತ್ತಾರೆ, ಸುಳ್ಳಲ್ಲ. ಆದರೆ ಕಳ್ಳರು ಪರಿಶೀಲಕರಿಗೆ ಒಂದು ಪುಟ, ಓದುಗರಿಗೆ ಇನ್ನೊಂದು ಪುಟ ತೋರಿಸುತ್ತಾರೆ. ಇದಕ್ಕೆ ಕ್ಲೋಕಿಂಗ್ ಅನ್ನುತ್ತಾರೆ. ನಮ್ಮವರು ನೋಡಿದಾಗ ಯೋಗಾಸನದ ಲೇಖನ, ನಿಮ್ಮ ಓದುಗ ನೋಡಿದಾಗ ಪ್ರಸಿದ್ಧರ ಮುಖ ಹಾಕಿದ ನಕಲಿ ಹೂಡಿಕೆ ಸ್ಕೀಮ್. ಅದು ಸಿಕ್ಕಿಬೀಳುವ ಹೊತ್ತಿಗೆ ಹೊಸ ಖಾತೆ ತೆರೆದಿರುತ್ತಾರೆ.

ಸ್ಕ್ರಿಪ್ಟ್‌ಮೂಲೆ

ತಾಂತ್ರಿಕ ಕಡೆಯಿಂದ ಚಿಕ್ಕದಾಗಿ. ಡಬ್ಬಿಗೆ ಮೊದಲೇ ಎತ್ತರ ಕಾಯ್ದಿರಿಸಿ, ಇಲ್ಲದಿದ್ದರೆ ತಡವಾಗಿ ಬಂದು ಪುಟವನ್ನೇ ಕೆಳಗೆ ತಳ್ಳುತ್ತದೆ. ಆ ಜಿಗಿತದ ಅಳತೆ (ಸಿಎಲ್‌ಎಸ್ ಅನ್ನುತ್ತಾರೆ) 0.1 ಒಳಗಿದ್ದರೆ ಚೆನ್ನ ಅನ್ನುತ್ತದೆ ಗೂಗಲ್. ಓದುಗ ಹತ್ತಿರ ಬಂದ ಮೇಲೆಯೇ ಸ್ಕ್ರಿಪ್ಟ್ ಲೋಡ್ ಆಗಲಿ. ಹಣ ಪಡೆದ ಲಿಂಕ್‌ಗಳಿಗೆ ಕೋಡ್‌ನಲ್ಲಿ ‘ಸ್ಪಾನ್ಸರ್ಡ್’ ಗುರುತು ಬೇಕು, ಗೂಗಲ್ ಅದನ್ನು 2019ರಲ್ಲಿ ತಂದಿದೆ. ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ ಫೈಲಿಗೆ ಅವರು ಕೊಡುವ ಉದ್ದ ಪಟ್ಟಿಯನ್ನು ಕಣ್ಣುಮುಚ್ಚಿ ಅಂಟಿಸಬೇಡಿ. ನಿಮ್ಮ ಜಾಗವನ್ನು ಮಾರುವ ಹಕ್ಕು ಯಾರ್‍ಯಾರಿಗೆ ಇದೆ ಅಂತ ಹೇಳುವ ಫೈಲ್ ಅದು.

ದಿನಕ್ಕೊಂದು_ಸುದ್ದಿ

ಎಲ್ಲರೂ ಬೈಯುತ್ತಿದ್ದೀರಿ, ನಾನು ಒಬ್ಬನಾದರೂ ಪರವಾಗಿ ಮಾತಾಡುತ್ತೇನೆ. ನನ್ನದು ಸುದ್ದಿ ಸೈಟ್. ಜನ ಹುಡುಕಾಟದಿಂದ ಬರುತ್ತಾರೆ, ಒಂದು ಸುದ್ದಿ ಓದುತ್ತಾರೆ, ಹೋಗುತ್ತಾರೆ. ಮತ್ತೆ ಬರುವವರು ಕಡಿಮೆ. ಹೋಗುವ ದಾರಿಯಲ್ಲಿ ಅವರು ಏನನ್ನಾದರೂ ಒತ್ತಿ ಹೋದರೆ ನನಗೆ ನಷ್ಟ ಏನು? ಮೂರು ವರ್ಷದಿಂದ ಇಬ್ಬರು ವರದಿಗಾರರ ಸಂಬಳ ಆ ಡಬ್ಬಿಯಿಂದಲೇ ಬರುತ್ತಿದೆ. ಚಂದಾ ಕೊಟ್ಟು ಓದುವ ಓದುಗರು ಎಲ್ಲರಿಗೂ ಇರುವುದಿಲ್ಲ ಮಾರಾಯ್ರೆ. ಯಾಹೂನಂಥ ದೊಡ್ಡ ಸಂಸ್ಥೆಯೇ 2022ರಲ್ಲಿ ಟಬೂಲಾ ಜೊತೆ 30 ವರ್ಷದ ಒಪ್ಪಂದ ಮಾಡಿಕೊಂಡಿತು.

ಅರ್ಧವಿರಾಮ

ಸ್ಲೇಟ್ ಹಾಗೂ ದಿ ನ್ಯೂಯಾರ್ಕರ್ ಪತ್ರಿಕೆಗಳು 2016ರಲ್ಲೇ ಇಂಥ ಡಬ್ಬಿಗಳನ್ನು ಕಿತ್ತು ಹಾಕಿದ್ದವು. ಅವರಿಗೂ ದುಡ್ಡು ಬೇಡವಾಗಿತ್ತು ಅಂತ ಅಲ್ಲ.

ದಿನಕ್ಕೊಂದು_ಸುದ್ದಿ

ಅವರ ಓದುಗರು ವಾಪಸ್ ಬರುವವರು. ನಾನು ಹೇಳಿದ್ದೂ ಅದೇ.

ಹಳೇಟ್ಯಾಗ್

ಈಗ ಗ್ಯಾರಂಟಿಯ ಪ್ರಶ್ನೆಗೆ ಬರುತ್ತೇನೆ, ಮೂಲ ಪ್ರಶ್ನೆ ಅದೇ ಆಗಿತ್ತು.

ನೆಟ್‌ವರ್ಕ್‌ಗೆ ಜಾಹೀರಾತುದಾರರು ಬರಬೇಕಾದರೆ ಜಾಗ ಇರಬೇಕು. ಜಾಗ ಅಂದರೆ ನೀವು. ಟಬೂಲಾದ ಎದುರಾಳಿ ಔಟ್‌ಬ್ರೇನ್ 2006ರಲ್ಲಿ, ಟಬೂಲಾ 2007ರಲ್ಲಿ ಶುರುವಾದವು. ಆಮೇಲೆ ವರ್ಷಗಟ್ಟಲೆ ಇಬ್ಬರೂ ಒಂದೇ ಸೈಟಿನ ಬಾಗಿಲು ತಟ್ಟಿದ್ದಾರೆ. ಪೈಪೋಟಿ ಸಾಕಾಗಿ 2019ರಲ್ಲಿ ಒಂದಾಗುತ್ತೇವೆ ಅಂತ ಘೋಷಿಸಿ, 2020ರಲ್ಲಿ ಅದನ್ನೂ ಕೈಬಿಟ್ಟರು. ಗ್ಯಾರಂಟಿ ಅನ್ನುವುದು ಆ ಪೈಪೋಟಿಯ ಆಯುಧ. ಎದುರಾಳಿಯನ್ನು ಎರಡು ವರ್ಷ ನಿಮ್ಮ ಪುಟದಿಂದ ಹೊರಗಿಡುವುದಕ್ಕೆ ಕೊಡುವ ಬೆಲೆ.

ಆದರೆ ಅದರಲ್ಲಿ ‘ಆದರೆ’ಗಳು ಬಹಳ. ಪುಟ ನೋಟಗಳು ಇಷ್ಟಕ್ಕಿಂತ ಕಡಿಮೆಯಾದರೆ ಗ್ಯಾರಂಟಿ ಇಲ್ಲ. ಡಬ್ಬಿಯ ಜಾಗ ಬದಲಿಸಿದರೆ ಇಲ್ಲ. ಜಾಸ್ತಿ ವಿಭಾಗ ಬ್ಲಾಕ್ ಮಾಡಿದರೆ ಕಡಿತ. ಅಸಿಂಧು ಟ್ರಾಫಿಕ್ (ನಿಜವಾದ ಓದುಗರದ್ದಲ್ಲದ ನೋಟ, ಕ್ಲಿಕ್) ಅಂತ ಅವರು ತೀರ್ಮಾನಿಸಿದ್ದು ಕಡಿತ, ಆ ತೀರ್ಮಾನಕ್ಕೆ ಅವರದೇ ಲೆಕ್ಕ. ಹಣ ಬರುವುದು ತಿಂಗಳು ಮುಗಿದ ಮೇಲೆ 45 ದಿನಕ್ಕೋ 60 ದಿನಕ್ಕೋ. ಎರಡು ವರ್ಷ ಮುಗಿಯುವ 90 ದಿನ ಮೊದಲು ನೀವು ಬರೆದು ತಿಳಿಸದಿದ್ದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುತ್ತದೆ ಅಂತ ಒಂದು ಸಾಲು ಎಲ್ಲೋ ಕೊನೆಯಲ್ಲಿ ಇರುತ್ತದೆ. ಆ ಸಾಲು ಓದಿದ ಪಬ್ಲಿಷರ್‌ಗಳನ್ನು ನಾನು ಕೈಬೆರಳಲ್ಲಿ ಎಣಿಸಬಹುದು.

ಡ್ಯಾಶ್‌ಬೋರ್ಡಿನ ಆರ್‌ಪಿಎಂ ನೋಡಿ ಮರುಳಾಗಬೇಡಿ. ಸಾವಿರಕ್ಕೆ ಇಷ್ಟು ಅಂತ ತೋರಿಸುತ್ತಾರೆ, ಯಾವ ಸಾವಿರ ಅಂತ ಕೇಳಿ. ಸಾವಿರ ಪುಟ ನೋಟವಾ, ಡಬ್ಬಿ ಸಾವಿರ ಸಲ ಲೋಡ್ ಆದದ್ದಾ, ಇಲ್ಲ ಕಣ್ಣಿಗೆ ಬಿದ್ದದ್ದಾ? ಕಣ್ಣಿಗೆ ಬಿದ್ದದ್ದು ಅಂದರೆ ಜಾಹೀರಾತಿನ ಅರ್ಧ ಭಾಗ ಒಂದು ಸೆಕೆಂಡ್ ಪರದೆಯ ಮೇಲೆ ಇದ್ದದ್ದು. ಲೇಖನದ ತುದಿಯಲ್ಲಿರುವ ಡಬ್ಬಿಗೆ ಈ ಮೂರೂ ಸಂಖ್ಯೆ ತೀರಾ ಬೇರೆ. ನಿಮಗೆ ಬೇಕಾದದ್ದು ಪುಟ ನೋಟದ ಲೆಕ್ಕ ಒಂದೇ.

ಖರ್ಚುಪುಸ್ತಕ

ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ಮಧ್ಯದ ಡಬ್ಬಿ ಬೇಡ ಅನ್ನಿ. ಲೇಖನದ ನಡುವೆ ಕೈತಪ್ಪಿ ಒತ್ತಿದ ಕ್ಲಿಕ್ ನಮಗೆ ಪ್ರಯೋಜನವಿಲ್ಲ. ನಾವು ನಿಮ್ಮ ಐಡಿಯನ್ನು ಬ್ಲಾಕ್ ಮಾಡುತ್ತೇವೆ. ಒಳ್ಳೆಯ ಜಾಹೀರಾತುದಾರರು ಒಬ್ಬೊಬ್ಬರಾಗಿ ಹಾಗೆ ಹೋದ ಮೇಲೆ ನಿಮ್ಮ ಹರಾಜಿನಲ್ಲಿ ಉಳಿಯುವವರು ಯಾರು ಹೇಳಿ? ಲೆಕ್ಕ ನೋಡದವರು, ಇಲ್ಲ ಕ್ಲಿಕ್ ಕೊಂಡು ಇನ್ನೊಂದು ಜಾಹೀರಾತು ತುಂಬಿದ ಪುಟಕ್ಕೆ ಕಳಿಸುವ ಆರ್ಬಿಟ್ರೇಜ್‌ನವರು. ಕ್ಯಾಮೆರಾ ಬಗ್ಗೆ ಕೊನೆಯವರೆಗೆ ಓದುವ ಓದುಗ ನನಗೆ ಚಿನ್ನ. ನನ್ನ ಬಳಿ ಫೋಟೋ ಸಾಫ್ಟ್‌ವೇರ್ ಇದ್ದಿದ್ದರೆ ನೆಟ್‌ವರ್ಕ್ ಬಿಟ್ಟು ನೇರ ನಿಮಗೇ ಮೇಲ್ ಮಾಡುತ್ತಿದ್ದೆ.

ರೀಲ್‌ಸುತ್ತಿ

ಆರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡು ವರ್ಷದ ಒಪ್ಪಂದ ಒಪ್ಪಲಿಲ್ಲ. ಮಧ್ಯದ ಡಬ್ಬಿ ಬೇಡ, 30 ದಿನದ ನೋಟಿಸ್ ಸಾಕು ಅಂದೆ. ಹಾಗಾದರೆ ಗ್ಯಾರಂಟಿ ಇಲ್ಲ ಅಂದರು. ಸರಿ ಅಂತ ಅರ್ಧ ಲೇಖನಗಳಿಗೆ ಮಾತ್ರ ಹಾಕಿ, ಉಳಿದ ಅರ್ಧ ಹಾಗೇ ಬಿಟ್ಟೆ. ಮೇಲ್‌ನಲ್ಲಿ ಹೇಳಿದ ಮೊತ್ತದ ಹತ್ತಿರಕ್ಕೂ ಬಂದಿಲ್ಲ, ಆದರೆ ಬ್ಯಾನರ್‌ಗಿಂತ ವಾಸಿ. ಡಬ್ಬಿ ಇರುವ ಲೇಖನಗಳಲ್ಲಿ ನ್ಯೂಸ್‌ಲೆಟರ್‌ಗೆ ಸೇರುವವರು ಕಡಿಮೆ ಆಗಿದ್ದಾರೆ. ಸೇರುವ ಪೆಟ್ಟಿಗೆ ಡಬ್ಬಿಯ ಕೆಳಗೆ ಹೋಗಿಬಿಟ್ಟಿತ್ತು, ಅದನ್ನು ಮೇಲೆ ತಂದು ಮತ್ತೆ ನೋಡುತ್ತಿದ್ದೇನೆ.

ಒಂದು ತಮಾಷೆ ಕೇಳಿ. ಲೆನ್ಸ್ ಫಂಗಸ್ ಲೇಖನ ಇದೆಯಲ್ಲ, ನನ್ನ ಸೈಟಿನಲ್ಲಿ ಜಾಸ್ತಿ ಓದುವುದು ಅದನ್ನೇ. ಅದರ ಕೆಳಗೆ ಮೊದಲ ದಿನದಿಂದ ಕಾಲುಗುರಿನ ಫಂಗಸ್ ಔಷಧಿಯ ಜಾಹೀರಾತು! ಚಿತ್ರ ನೋಡಿದರೆ ವಾಕರಿಕೆ. ಬ್ಲಾಕ್ ಮಾಡಿದೆ. ಮರುದಿನ ಬೇರೆ ಕಂಪನಿ ಹೆಸರಲ್ಲಿ ಅದೇ ಉಗುರು. ಮತ್ತೆ ಬ್ಲಾಕ್. ಮತ್ತೆ ಬಂತು, ಈ ಸಲ ಎಡಗಾಲು.

ಹಳೇಟ್ಯಾಗ್

ಒಂದೊಂದೇ ಜಾಹೀರಾತು ಬ್ಲಾಕ್ ಮಾಡಿದರೆ ಮುಗಿಯುವುದಿಲ್ಲ. ಆ ವಿಭಾಗವನ್ನೇ ಮುಚ್ಚಿಸಿ ಅಂತ ಅಕೌಂಟ್ ಮ್ಯಾನೇಜರ್‌ಗೆ ಬರೆಯಿರಿ. ಗ್ಯಾರಂಟಿ ಇಲ್ಲವಲ್ಲ, ಕಡಿತದ ಭಯವೂ ಇಲ್ಲ.

ಖರ್ಚುಪುಸ್ತಕ

ಅಷ್ಟು ಕಷ್ಟ ಯಾಕೆ, ಸ್ವಲ್ಪ ಕಾಯಿರಿ. ಕ್ಯಾಮೆರಾ ಬಿಚ್ಚಲು ಬಂದವರು ಕುತೂಹಲಕ್ಕೆ ಉಗುರನ್ನು ಒತ್ತುತ್ತಾರೆ, ಔಷಧಿ ಕೊಳ್ಳುವುದಿಲ್ಲ. ಅವನೂ ನನ್ನ ಹಾಗೆ ಸೈಟ್‌ವಾರು ರಿಪೋರ್ಟ್ ತೆಗೆದು ನೋಡುತ್ತಾನೆ. ಮೇಲಿಂದಲೇ ನಿಮ್ಮ ಐಡಿ ಕಣ್ಣಿಗೆ ಬೀಳುತ್ತದೆ.

ರೀಲ್‌ಸುತ್ತಿ

ಶುಕ್ರವಾರ ಮ್ಯಾನೇಜರ್‌ಗೆ ಬರೆದೆ. ಭಾನುವಾರದಿಂದ ಉಗುರು ಕಾಣುತ್ತಿಲ್ಲ. ಅವರ ಉತ್ತರ ಮಾತ್ರ ಇನ್ನೂ ಬಂದಿಲ್ಲ. ಹಾಗಾದರೆ ಬ್ಲಾಕ್ ಆದದ್ದು ಉಗುರಾ, ನಾನಾ?